ಹನ್ನೊಂದನೆಯವಳು

ಕಪಿಲೆಯ ದಡದಲ್ಲೊಂದು ಮಠ. ಮಠಕ್ಕೊಂದು ಉದ್ದನೆಯ ಜಗುಲಿ. ಬೆಳಗಿನ ಹೊತ್ತು ಊರಿನ ಹನ್ನೊಂದು ಮಕ್ಕಳು ಅಲ್ಲಿ ಕುಳಿತು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಯಾರಿಗೂ ಏಳು ವರ್ಷ ದಾಟಿರಲಿಲ್ಲ.

ಮಠದ ಗುರುಗಳು ಆ ವರ್ಷ ಮಕ್ಕಳನ್ನು ತಮ್ಮ ಶಿಷ್ಯ ಮರಿದೇವನಿಗೆ ಒಪ್ಪಿಸಿದ್ದರು. ಮರಿದೇವನಿಗೆ ಇಪ್ಪತ್ತೆರಡು. ಕಲಿಸುವುದೆಂದರೆ ಅವನಿಗೆ ಪ್ರಾಣ.

ಆ ಜಗುಲಿಗೆ ಹಳೆಯದೊಂದು ಪದ್ಧತಿಯಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯಲ್ಲಿ ಗಂಧದಿಂದ ‘ಶ್ರೀ’ ಎಂದು ಬರೆಯುವುದು. ಎರಡನೆಯ ಮಗುವಿಗೆ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯ ಮಗುವಿಗೆ ಬೆತ್ತದ ಒಂದು ಏಟು. ನಾಲ್ಕನೆಯದಕ್ಕೆ ಎರಡು. ಹೀಗೆ ಏರುತ್ತ ಹೋಗಿ ಹನ್ನೊಂದನೆಯ ಮಗುವಿಗೆ ಒಂಬತ್ತು.

ಹನ್ನೊಂದನೆಯ ಮಗು ಹೆಚ್ಚಿನ ದಿನ ಈರಿಯೇ. ಪುರಿ ಹುರಿದು ಮಾರುವ ಕಾಳವ್ವನ ಮಗಳು. ಆರು ವರ್ಷ. ಮುಂದಿನ ಎರಡು ಹಲ್ಲು ಬಿದ್ದಿದ್ದವು.

ಒಂದು ಸಂಜೆ ಮರಿದೇವ ಗುರುಗಳ ಬಳಿಗೆ ಬಂದು ಕುಳಿತ.

“ಬುದ್ಧೀ, ಒಂದು ಮಗುವಿಗೆ ಒಂಬತ್ತು ಏಟು ಸಾಲುತ್ತಿಲ್ಲ.”

“ಸಾಲುತ್ತಿಲ್ಲ ಎಂದು ಹೇಗೆ ತಿಳಿಯಿತು?”

“ಮಾರನೆಯ ದಿನವೂ ತಡವಾಗಿಯೇ ಬರುತ್ತಾಳೆ.”

“ಹಾಗಾದರೆ ಹತ್ತು ಕೊಡು.”

“ಪದ್ಧತಿಯ ಪ್ರಕಾರ ಹನ್ನೊಂದನೆಯವರಿಗೆ ಒಂಬತ್ತೇ, ಬುದ್ಧೀ.”

“ಪದ್ಧತಿಗೂ ಒಂದು ದಯೆ ಇದೆಯಲ್ಲ,” ಎಂದರು ಗುರುಗಳು.

ಮರಿದೇವನಿಗೆ ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ.

“ನಾನೂ ಇದೇ ಪದ್ಧತಿಯಲ್ಲಿ ಕಲಿತವನು,” ಎಂದ. “ಒಂದು ದಿನವೂ ತಡವಾಗಿ ಬರಲಿಲ್ಲ. ಯಾವಾಗಲೂ ನನ್ನ ಅಂಗೈಯಲ್ಲಿ ‘ಶ್ರೀ’. ಬರೆದವರು ನೀವೇ.”

“ಬರೆದೆ. ಆಗ ನೀನು ಮಲಗುತ್ತಿದ್ದುದು ಎಲ್ಲಿ?”

ತಂದೆತಾಯಿ ಇಲ್ಲದ ಮರಿದೇವ ಬೆಳೆದದ್ದು ಮಠದಲ್ಲಿ.

“ಈ ಜಗುಲಿಯ ಮೇಲೆ.”

“ಎದ್ದು ಕೂತರೆ ಶಾಲೆ.”

“ಹೌದು ಬುದ್ಧೀ.”

“ಆಗ ಕೊನೆಗೆ ಬರುತ್ತಿದ್ದವನ ಹೆಸರು ನೆನಪಿದೆಯೇ?”

ಮರಿದೇವ ಯೋಚಿಸಿದ. “ಇಲ್ಲ.”

“ನನಗಿದೆ,” ಎಂದು ಗುರುಗಳು ಎದ್ದು ಒಳಗೆ ಹೋದರು.

ಮರಿದೇವ ಮಾರನೆಯ ದಿನ ಮಕ್ಕಳಿಗೆ ಹೇಳಿದ: “ನಾಳೆಯಿಂದ ಎಲ್ಲರೂ ಹೊತ್ತು ಹುಟ್ಟುವ ಮುಂಚೆಯೇ ಬರಬೇಕು. ಯಾರಿಗೂ ಏಟು ಬೀಳಬಾರದು ಎಂದು ನನಗೂ ಆಸೆ.”

ಮಕ್ಕಳು ಬಂದರು. ಕಣ್ಣು ಬಿಡಲಾರದೆ ಬಂದರು, ಅರ್ಧ ಮುಖ ತೊಳೆದು ಬಂದರು. ಈರಿಯೂ ಬಂದಳು. ಹೊತ್ತು ಹುಟ್ಟುವುದಕ್ಕೆ ಇನ್ನೂ ತಡವಿತ್ತು.

ಸಂಜೆ ಗುರುಗಳು ಕೇಳಿದರು. “ಇವತ್ತು ಎಲ್ಲರೂ ಬೇಗ ಬಂದರಂತೆ?”

“ಬಂದರು ಬುದ್ಧೀ! ಒಬ್ಬರೂ ತಪ್ಪಿಸಲಿಲ್ಲ.”

“ಈರಿಯೂ?”

“ಅವಳೂ. ಆದರೆ ಎಲ್ಲರಿಗಿಂತ ಕೊನೆಗೆ.”

“ಎಷ್ಟು ಬಿತ್ತು?”

“ಒಂಬತ್ತು.”

“ಬೇಗ ಬಂದದ್ದಕ್ಕೆ?”

ಆ ರಾತ್ರಿ ಊಟಕ್ಕೆ ಕುಳಿತಾಗಲೂ ಮರಿದೇವ ಬೆರಳು ಮಡಿಚಿ ಮಡಿಚಿ ಲೆಕ್ಕ ಹಾಕುತ್ತಲೇ ಇದ್ದ. ಎಷ್ಟು ಬೇಗ ಬಂದರೂ ಹನ್ನೊಂದರಲ್ಲಿ ಒಬ್ಬರು ಕೊನೆಯವರು ಆಗಲೇಬೇಕು.

ಆದರೂ ಅವನು ಪಟ್ಟು ಬಿಡಲಿಲ್ಲ. ಹಿತ್ತಲಲ್ಲಿ ಗುರುಗಳು ವಾಲಿದ ನೇರಳೆ ಸಸಿಯೊಂದಕ್ಕೆ ಕೋಲು ನೆಡುತ್ತಿದ್ದಾಗ ಹೋಗಿ ನಿಂತ.

“ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುತ್ತಾರೆ, ಬುದ್ಧೀ.”

“ನಿಜವಾದ ಮಾತು. ಬಾ, ಇದನ್ನು ಹಿಡಿ. ಇತ್ತ ಬಗ್ಗಿಸು.”

ಮರಿದೇವ ಎರಡೂ ಕೈಯಲ್ಲಿ ಸಸಿಯನ್ನು ಹಿಡಿದು ಮೆಲ್ಲಗೆ ಬಗ್ಗಿಸಿದ. ಗುರುಗಳು ಬಾಳೆನಾರಿನಿಂದ ಅದನ್ನು ಕೋಲಿಗೆ ಕಟ್ಟಿದರು.

“ಇನ್ನೂ ಬಿಗಿಯಾಗಿ ಕಟ್ಟಬಹುದಲ್ಲ?” ಎಂದ ಮರಿದೇವ.

“ಬಿಗಿದರೆ ಕಾಂಡ ಕೊಯ್ದುಹೋಗುತ್ತದೆ. ಒಂದು ಬೆರಳು ಆಡುವಷ್ಟು ಜಾಗ ಬಿಡಬೇಕು.” ಗುರುಗಳು ಕೈಯ ಮಣ್ಣು ಒದರಿಕೊಂಡರು. “ಬೆತ್ತ ತರಲಿಲ್ಲವೇ?”

“ಗಿಡಕ್ಕೆ ಬೆತ್ತ ಯಾಕೆ ಬುದ್ಧೀ?”

ಗುರುಗಳು ಸಸಿಯ ಬುಡಕ್ಕೆ ನೀರು ಹಾಕಿದರು.

ಕೆಲವು ದಿನಗಳಾದ ಮೇಲೆ ಈರಿ ಬರುವುದು ನಿಂತಿತು.

“ಇವತ್ತು ಎಷ್ಟು ಮಕ್ಕಳು?” ಎಂದು ಗುರುಗಳು ಸಂಜೆ ಕೇಳುವರು.

“ಹತ್ತು, ಬುದ್ಧೀ. ಈರಿಗೆ ಮೈ ಸರಿಯಿಲ್ಲವೇನೋ.”

ನಾಲ್ಕು ದಿನ ಹತ್ತು. ಐದನೆಯ ದಿನ ಒಂಬತ್ತು.

“ಯಾರು ಬರಲಿಲ್ಲ?”

“ಮುದ್ದ. ಈರಿ ಇಲ್ಲದ್ದರಿಂದ ನಾಲ್ಕು ದಿನವೂ ಅವನೇ ಕೊನೆಯವನಾಗಿದ್ದ. ಎಂಟು ಬೀಳುತ್ತಿತ್ತು.”

“ನಾಡಿದ್ದು ಎಂಟು ಮಕ್ಕಳಾಗುತ್ತಾರೆ. ಹೀಗೇ ನಡೆದರೆ ಕಡೆಗೆ ಇಬ್ಬರು ಉಳಿಯುತ್ತಾರೆ. ಒಬ್ಬನಿಗೆ ‘ಶ್ರೀ’, ಒಬ್ಬನಿಗೆ ಸೊನ್ನೆ. ಆಮೇಲೆ ಏಟು ತಿನ್ನುವವರೇ ಇರುವುದಿಲ್ಲ. ಎಂಥ ಒಳ್ಳೆಯ ಶಾಲೆ!”

ಮರಿದೇವ ತಲೆ ತಗ್ಗಿಸಿದ.

ಎಂಟನೆಯ ದಿನ ಕಾಳವ್ವ ಮಠಕ್ಕೆ ಬಂದಳು. ತಲೆಯ ಮೇಲೆ ಪುರಿಯ ಕುಕ್ಕೆ. ಅದನ್ನು ಇಳಿಸಿ, ದೊಡ್ಡದೊಂದು ಮೊರದ ತುಂಬ ಬಿಸಿ ಪುರಿ ಸುರಿದು ಗುರುಗಳ ಮುಂದಿಟ್ಟಳು.

“ಮೊದಲು ಈ ಚಿಕ್ಕ ಅಯ್ನೋರ್ಗೆ ಅಡ್ಡ ಬೀಳ್ಬೇಕು ಬುದ್ಧೀ. ನನ್ನ ಮಗಳ್ನ ದಾರಿಗೆ ತಂದ್ರು.”

ಮರಿದೇವ ಗಾಬರಿಯಿಂದ ಅವಳನ್ನು ನೋಡಿದ.

“ಏನಾಯಿತವ್ವ?” ಎಂದರು ಗುರುಗಳು.

“ಏನ್ ಹೇಳ್ಲಿ! ಮುಂಚೆ ಎಬ್ಬಿಸಿದ್ರೆ ಏಳೋಳಲ್ಲ, ಎದ್ರೆ ಹೊರಡೋಳಲ್ಲ. ಈಗ ಎಂಟು ದಿನದಿಂದ ನಾನು ಒಲೆ ಹಚ್ಚೋ ಮುಂಚೇನೆ ಎದ್ದು ಓಡ್ತಾಳೆ. ಮಧ್ಯಾಹ್ನ ಎಲ್ಲಾ ಮಕ್ಕಳ ಜೊತೇಲಿ ಸರಿಯಾಗಿ ಮನೆಗೆ ಬತ್ತಾಳೆ. ಎಲ್ಲಾ ಏಟಿನ ಗುಣ ಬುದ್ಧೀ. ಇನ್ನೂ ನಾಕು ಹಾಕಿ ಅಯ್ನೋರೆ, ನಾನೇನೂ ಅನ್ನಲ್ಲ.”

ಅವಳು ಕುಕ್ಕೆ ಹೊತ್ತು ಹೋದಳು. ಗುರುಗಳು ಒಂದು ಹಿಡಿ ಪುರಿ ಬಾಯಿಗೆ ಹಾಕಿಕೊಂಡರು.

“ಗರಿಗರಿಯಾಗಿದೆ. ತಿನ್ನು. ನಿನಗೇ ತಂದದ್ದು.”

ಮರಿದೇವ ತಿನ್ನಲಿಲ್ಲ. ಎದ್ದವನೇ ಓಡಿದ.

ಈರಿ ಸಿಕ್ಕಿದ್ದು ಹೊಳೆಯ ಹಾಳು ಮಂಟಪದಲ್ಲಿ. ಬೇಸಿಗೆಯ ಹೊಳೆ, ಮಂಟಪದ ಮುಂದೆ ಪಾದ ಮುಳುಗುವಷ್ಟು ನೀರು. ಅವಳು ಲಂಗ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ನಿಂತಿದ್ದಳು. ಮರಿದೇವನಿಗೆ ಹೋದ ಜೀವ ಬಂತು.

“ಈರೀ!”

ಅವಳು ತಿರುಗಿ ನೋಡಿದವಳೇ ಜೊಂಡಿನೊಳಗೆ ನುಗ್ಗಿ ಮಾಯವಾದಳು.

ಅವನು ಮಠಕ್ಕೆ ಮರಳಿ ಗುರುಗಳಿಗೆ ಎಲ್ಲವನ್ನೂ ಹೇಳಿದ.

“ನಾನು ಒಂದು ಮಾತನ್ನೂ ಗದರಿ ಆಡಲಿಲ್ಲ, ಬುದ್ಧೀ. ಆದರೂ ಓಡಿದಳು.”

“ನಿನ್ನ ಕೈಯಲ್ಲಿರುವುದು ಏನು?”

ಮರಿದೇವ ನೋಡಿಕೊಂಡ. ಬೆತ್ತ. ಜಗುಲಿಯಿಂದ ಏಳುವಾಗ ಹಿಡಿದದ್ದು ಹಾಗೆಯೇ ಇತ್ತು.

“ಮರೆತಿದ್ದೆ.”

“ಅವಳು ಮರೆತಿರಲಿಲ್ಲ,” ಎಂದರು ಗುರುಗಳು.

ಅವರು ಬೆತ್ತಕ್ಕೆ ಕೈ ಚಾಚಿದರು. ಮರಿದೇವ ಕೊಟ್ಟ.

“ಮರೀ, ನಾಳೆಯಿಂದ ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ. ಈರಿ ತಾನಾಗಿ ಜಗುಲಿ ಹತ್ತಿದ ದಿನ ನೀನೂ ಹತ್ತು. ಅಲ್ಲಿಯವರೆಗೆ ಬೇಡ.”

“ಅವಳು ಬರದೇ ಹೋದರೆ?”

“ಮಠದಲ್ಲಿ ಬೇರೆ ಕೆಲಸ ಬೇಕಾದಷ್ಟಿದೆ.”

“ಹೋಗಿ ಕರೆದು ತರಲೇ?”

“ಕರೆಯಬೇಡ. ಹಿಡಿಯಬೇಡ. ತಿಂಡಿ ತೋರಿಸಬೇಡ. ನನ್ನ ಸಲುವಾಗಿ ಬಾ ಎಂದು ಗೋಗರೆಯಲೂ ಬೇಡ.”

“ಮತ್ತೆ ಏನು ಮಾಡಲಿ?”

“ಹೊಳೆಯ ದಡದಲ್ಲಿ ಒಂಟಿ ಮಗು. ಯಾರಾದರೂ ಕಣ್ಣಿಟ್ಟಿರಬೇಕಲ್ಲ?”

ಮರಿದೇವ ಎದ್ದವನು ಬಾಗಿಲಲ್ಲಿ ತಡೆದು ನಿಂತ.

“ಒಂದು ಮಾತು ಬುದ್ಧೀ. ಈ ಪದ್ಧತಿ ಬಿಡು ಎಂದು ಮೊದಲೇ ಒಂದು ಮಾತು ಹೇಳಿದ್ದರೆ ಬಿಡುತ್ತಿದ್ದೆನಲ್ಲ?”

“ಬಿಡುತ್ತಿದ್ದೆ. ನಾನು ಸತ್ತ ಮೇಲೆ ನೀನು ಮತ್ತೆ ಹಿಡಿಯುತ್ತಿದ್ದೆ.”

ಮೊದಲ ದಿನ ಮರಿದೇವ ಮಂಟಪದಿಂದ ದೂರದಲ್ಲಿ, ಅವಳಿಗೆ ಕಾಣುವ ಹಾಗೆ, ಒಂದು ಬಂಡೆಯ ಮೇಲೆ ಕುಳಿತ. ಈರಿ ಜೊಂಡಿನ ಸಂದಿಯಿಂದ ಇಣುಕಿ ನೋಡಿ ಮತ್ತೆ ಅಡಗಿದಳು. ಅವನು ಏಳಲಿಲ್ಲ.

ಎರಡನೆಯ ದಿನ ಅವಳು ಅಡಗಲಿಲ್ಲ. ಆದರೆ ಬೆನ್ನು ತಿರುಗಿಸಿ ಕುಳಿತಳು.

ಮೂರನೆಯ ದಿನ ಅವಳೇ ಮಂಟಪದ ಮೆಟ್ಟಿಲ ಮೇಲಿನಿಂದ ಕೂಗಿದಳು.

“ನನ್ನ ಎಳ್ಕೊಂಡು ಹೋಗೋಕೆ ಬಂದ್ರಾ?”

“ಇಲ್ಲ. ನಿನ್ನನ್ನ ಕರೆಯೋ ಹಾಗಿಲ್ಲ ಅಂತ ಗುರುಗಳು ಹೇಳಿದಾರೆ.”

“ಮತ್ತೆ ಪಾಠ ಬಿಟ್ಟು ಇಲ್ಯಾಕೆ ಕೂತಿದೀರಿ?”

“ನನ್ನನ್ನೂ ಜಗುಲಿ ಹತ್ತಬೇಡ ಅಂದಿದಾರೆ.”

ಈರಿ ಕಣ್ಣರಳಿಸಿದಳು. “ನೀವೂ ತಡವಾಗಿ ಬಂದ್ರಾ?”

ಇದ್ದ ವಿಷಯ ಪೂರ್ತಿ ಹೇಳಿದರೆ ಕರೆದಂತೆಯೇ ಆಗುತ್ತಿತ್ತು. ಮರಿದೇವ ಸುಮ್ಮನಿದ್ದ.

“ಪಾಪ,” ಎಂದಳು ಈರಿ. ಆಮೇಲೆ ತನ್ನ ಆಟಕ್ಕೆ ಹೋದಳು.

ಅವನು ಅವಳ ಆಟವನ್ನು ನೋಡಿದ. ಅವಳು ಹೊಳೆಯ ನುಣುಪು ಕಲ್ಲುಗಳನ್ನು ಆಯ್ದು ತಂದು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಳು. ಎಣಿಸಿದಳು. ಹನ್ನೊಂದು. ಒಂದು ಜೊಂಡಿನ ಕಡ್ಡಿ ಮುರಿದುಕೊಂಡಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆ ನಿಲುವು ಮರಿದೇವನಿಗೆ ಚೆನ್ನಾಗಿ ಗೊತ್ತಿತ್ತು, ಅದು ಅವನದೇ.

“ಕೈ ಚಾಚು,” ಎಂದಳು ಮೊದಲ ಕಲ್ಲಿಗೆ. ಒದ್ದೆ ಬೆರಳಿನಿಂದ ಅದರ ಮೇಲೆ ‘ಶ್ರೀ’ ಬರೆದಳು. ತಪ್ಪಿಲ್ಲದೆ ಬರೆದಳು. ಎರಡನೆಯದರ ಮೇಲೆ ಸೊನ್ನೆ. ಮೂರನೆಯದಕ್ಕೆ ಒಂದು. ನಾಲ್ಕನೆಯದಕ್ಕೆ ಎರಡು.

ಕೊನೆಯ ಕಲ್ಲು ಎಲ್ಲಕ್ಕಿಂತ ಚಿಕ್ಕದು. ಅದರ ಮುಂದೆ ಬಂದು ಅವಳು ಎಣಿಸತೊಡಗಿದಳು. “ಒಂದು. ಎರಡು. ಮೂರು…”

ಒಂಬತ್ತಾಯಿತು. ಅವಳು ನಿಲ್ಲಿಸಲಿಲ್ಲ. ಹತ್ತು. ಹನ್ನೊಂದು. ಹನ್ನೆರಡು.

ಮರಿದೇವನಿಗೆ ತಡೆಯಲಾಗಲಿಲ್ಲ. ಎದ್ದು ಹತ್ತಿರ ಬಂದ.

“ಒಂಬತ್ತೇ ಅಲ್ವಾ ಈರಿ?”

“ಇದು ಅಳ್ತಾನೇ ಇಲ್ಲ ಅಯ್ನೋರೆ.”

“ಅಳಲೇಬೇಕಾ?”

“ಅತ್ರೆ ತಾನೇ ಬುದ್ಧಿ ಬಂತು ಅಂತ ಗೊತ್ತಾಗೋದು? ನೀವೇ ಹೇಳಿದ್ರಲ್ಲ.”

ಹೇಳಿದ್ದ. ಯಾವ ದಿನ ಎಂಬುದೂ ನೆನಪಾಯಿತು. ಆ ದಿನ ಈರಿ ತುಟಿ ಕಚ್ಚಿಕೊಂಡು ನಿಂತಿದ್ದಳು.

ಅವನು ಮೆಟ್ಟಿಲ ಮೇಲೆ ಕುಳಿತ. ಚಿಕ್ಕ ಕಲ್ಲನ್ನು ಕೈಗೆ ತೆಗೆದುಕೊಂಡ.

“ಇದು ಯಾಕೆ ತಡವಾಗಿ ಬಂತು ಅಂತ ಕೇಳಿದೆಯಾ?”

“ಅಯ್ನೋರು ಅದನ್ನೆಲ್ಲ ಕೇಳಲ್ಲ,” ಎಂದಳು ಈರಿ, ಆಟದ ನಿಯಮ ತಿಳಿಯದವನಿಗೆ ತಿಳಿಸಿ ಹೇಳುವವಳ ಹಾಗೆ.

ನೀರು ಕಲ್ಲುಗಳ ನಡುವೆ ಹರಿಯುತ್ತಿತ್ತು.

“ಈಗ ಕೇಳೋಣವಾ?” ಎಂದ ಮರಿದೇವ.

ಈರಿ ಅನುಮಾನದಿಂದ ನೋಡಿದಳು. ಆಮೇಲೆ ಅವನ ಕೈಯಿಂದ ಕಲ್ಲನ್ನು ತೆಗೆದುಕೊಂಡು ಕಿವಿಗೆ ಹಿಡಿದಳು. ಹೂಂಗುಟ್ಟಿದಳು. ತಲೆಯಾಡಿಸಿದಳು.

“ಏನಂತೆ?”

“ಕಾಲಿಲ್ವಂತೆ.”

ಮರಿದೇವ ಗಟ್ಟಿಯಾಗಿ ನಕ್ಕುಬಿಟ್ಟ. ಈರಿ ಅವನ ಬಾಯನ್ನೇ ನೋಡಿದಳು.

“ಅಯ್ನೋರೆ, ನಿಮಗೂ ನಗು ಬತ್ತದಾ!”

“ಅಪರೂಪಕ್ಕೆ. ಸರಿ, ಕಲ್ಲಿಗೆ ಕಾಲಿಲ್ಲ. ನಿನಗೆ ಎರಡಿವೆಯಲ್ಲ? ನಿನಗೆ ಯಾಕೆ ತಡವಾಗ್ತಿತ್ತು?”

“ದಾರಿ ಉದ್ದ.”

“ಎಲ್ಲರಿಗೂ ಅದೇ ದಾರಿ.”

“ಅವರೆಲ್ಲ ಏನೂ ನೋಡ್ದೆ ಓಡ್ತಾರೆ.”

“ನೋಡೋಕೆ ಏನಿದೆ ಅಲ್ಲಿ?”

ಈರಿಗೆ ಅವನ ಮೇಲೆ ನಿಜಕ್ಕೂ ಕನಿಕರ ಹುಟ್ಟಿದ ಹಾಗಿತ್ತು.

“ದಿನಾ ಈ ಊರಲ್ಲೇ ಇರ್ತೀರಿ, ಗೊತ್ತಿಲ್ವಾ? ಬನ್ನಿ, ತೋರಿಸ್ತೀನಿ. ಮೊದಲು ನಮ್ಮನೆ ಮೂಲೆಯಿಂದ ಶುರು ಮಾಡ್ಬೇಕು.”

ಅವಳು ಮುಂದೆ ನಡೆದಳು. ಅವನು ಹಿಂದೆ.

ಕಾಳವ್ವನ ಮನೆಯ ಮೂಲೆಯಲ್ಲಿ ಹಾಳುಗೋಡೆ. ಅದರಲ್ಲಿ ಕುಂಬಾರ ಹುಳವೊಂದು ಮಣ್ಣಿನ ಪುಟ್ಟ ಗಡಿಗೆ ಕಟ್ಟುತ್ತಿತ್ತು. “ನಿನ್ನೆ ಕುತ್ತಿಗೆ ಇರ್ಲಿಲ್ಲ,” ಎಂದಳು. ಮುಂದೆ ಬಾವಿಯ ಮೇಲೆ ಬಾಗಿದ ಈಚಲ ಮರದಲ್ಲಿ ಗೀಜಗನ ಗೂಡುಗಳು. ಯಾವ ಗೂಡಿಗೆ ಹೆಣ್ಣುಹಕ್ಕಿ ಒಪ್ಪಿ ಬಂದಿದೆ, ಯಾವುದನ್ನು ಬೇಡವೆಂದು ಬಿಟ್ಟಿದೆ ಎಂದು ಅವಳಿಗೆ ಗೊತ್ತಿತ್ತು. ಗಾಣದ ಮನೆಯ ಎತ್ತಿಗೆ ಒಂದು ಕೊಂಬು ಕೆಳಕ್ಕೆ. ಅದಕ್ಕೆ “ಏನ್ ಮಾವ” ಎಂದು ಹೇಳದೆ ದಾಟುವ ಹಾಗಿರಲಿಲ್ಲ. ಮರಿದೇವನೂ ಹೇಳಬೇಕಾಯಿತು.

ಬೇಲಿಯ ಬುಡದ ಬಿಸಿ ದೂಳಿನಲ್ಲಿ ಆಲಿಕೆಯ ಹಾಗಿನ ಸಣ್ಣ ಸಣ್ಣ ಗುಂಡಿಗಳು. ಈರಿ ಕುಕ್ಕರುಗಾಲಲ್ಲಿ ಕೂತಳು. ಅವನನ್ನೂ ಕೂರಿಸಿದಳು.

“ಒಳಗೆ ಒಂದು ಹುಳ ಕಾಯ್ತಾ ಇರ್ತದೆ. ಇರುವೆ ಜಾರಿ ಬಿದ್ರೆ ಗಬಕ್ಕನೆ ಹಿಡೀತದೆ.”

“ಬೀಳೋವರೆಗೂ ಕಾಯಬೇಕಾ?”

“ಹೂಂ. ಮಾತಾಡ್ಬಾರ್ದು.”

ಅವರು ಕಾದರು. ಒಂದು ಇರುವೆ ಗುಂಡಿಯ ಅಂಚಿಗೆ ಬಂದು ತಿರುಗಿ ಹೋಯಿತು. ಇನ್ನೊಂದು ಬಂದು ಹೋಯಿತು. ಬಿಸಿಲು ಏರಿತು. ಮೂರನೆಯದರ ಕಾಲು ಜಾರಿತು. ಕೆಳಗಿನಿಂದ ಮಣ್ಣು ಚಿಮ್ಮಿತು. ಇರುವೆ ಉರುಳಿತು, ಸಾವರಿಸಿಕೊಂಡಿತು, ಮತ್ತೆ ಉರುಳಿತು, ಕಡೆಗೆ ಹೇಗೋ ಹತ್ತಿ ಪಾರಾಯಿತು.

“ಹತ್ತಿತು!” ಎಂದು ಕೂಗಿದವನು ಮರಿದೇವ.

“ಶ್ಶ್!” ಎಂದಳು ಈರಿ.

ಅವರು ಅಲ್ಲಿಂದ ಎದ್ದಾಗ ಮರಿದೇವನ ನೆರಳು ಅವನ ಕಾಲಬುಡದಲ್ಲಿತ್ತು.

ಈರಿ ಇನ್ನೂ ಎರಡು ಕಡೆ ನಿಂತಳು, ಮೂರು ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ಮಠದ ಅಂಗಳಕ್ಕೆ ಬಂದುಬಿಟ್ಟಿದ್ದಳು. ದಾರಿ ಹೋಗುತ್ತಿದ್ದುದೇ ಅಲ್ಲಿಗೆ.

ಜಗುಲಿಯ ಮೇಲೆ ಹತ್ತು ಮಕ್ಕಳು ಕುಳಿತಿದ್ದರು, ಮುದ್ದನೂ ಇದ್ದ. ನಡುವೆ ಗುರುಗಳು. ಬೆತ್ತ ಎಲ್ಲೂ ಕಾಣಲಿಲ್ಲ.

ಈರಿ ಅಂಗಳದಲ್ಲಿ ಗಕ್ಕನೆ ನಿಂತಳು. ಎಲ್ಲಿಗೆ ಬಂದೆನೆಂದು ಅವಳಿಗೆ ಆಗ ಹೊಳೆಯಿತು. ಎರಡೂ ಕೈಯನ್ನು ಲಂಗದ ಹಿಂದೆ ಅಡಗಿಸಿಕೊಂಡಳು.

ಮರಿದೇವ ಈಗ ಬಾ ಎನ್ನುವ ಹಾಗಿಲ್ಲ, ಹೋಗು ಎನ್ನುವ ಹಾಗಿಲ್ಲ. ಅವಳ ಬೆನ್ನ ಹಿಂದೆ ನಿಂತು ಅವಳ ಬೆರಳುಗಳನ್ನೇ ನೋಡಿದ. ಬಿಗಿಯಾಗಿ ಮುಷ್ಟಿ ಕಟ್ಟಿದ್ದ ಸಣ್ಣ ಬೆರಳುಗಳು.

ಯಾರೂ ಅವಳನ್ನು ಕರೆಯಲಿಲ್ಲ. ಗುರುಗಳು ತಮ್ಮ ಪಕ್ಕದ ಮಗುವಿನ ಮರಳನ್ನು ಸಮ ಮಾಡುತ್ತಿದ್ದರು.

“ಏ ಈರಿ,” ಎಂದ ಮುದ್ದ, “ಗೀಜಗ ಮರಿ ಮಾಡಿದ್ಯಾ?”

“ಇನ್ನೂ ಇಲ್ಲ ಕಣೋ. ಆದ್ರೆ ಇರುವೆ ಬಿತ್ತು! ಬಿದ್ದು ಹತ್ತಿತು! ಅಯ್ನೋರೂ ನೋಡಿದ್ರು!”

ಹೇಳುತ್ತಲೇ ಅವಳು ಮೆಟ್ಟಿಲು ಹತ್ತಿ ಮುದ್ದನ ಪಕ್ಕದಲ್ಲಿ ಕುಳಿತಾಗಿತ್ತು.

ಮರಿದೇವ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತ. ಆಮೇಲೆ ತಾನೂ ಜಗುಲಿ ಹತ್ತಿದ.

ಮುದ್ದ ಬೆರಳು ಮಡಿಚಿ ಎಣಿಸುತ್ತಿದ್ದ. ಇದ್ದಕ್ಕಿದ್ದಂತೆ ಕೂಗಿದ.

“ಈರಿ ಹನ್ನೊಂದು. ಅಯ್ನೋರು ಹನ್ನೆರಡು. ಅಯ್ನೋರ್ಗೆ ಹತ್ತು ಬೀಳ್ತದೆ!”

ಮಕ್ಕಳು ಹೋ ಎಂದು ನಕ್ಕರು. ಆಮೇಲೆ, ನಗಬಾರದಿತ್ತೇನೋ ಎಂದು ಒಬ್ಬೊಬ್ಬರಾಗಿ ಸುಮ್ಮನಾದರು. ಎಲ್ಲರೂ ಗುರುಗಳನ್ನು ನೋಡಿದರು.

ಮರಿದೇವ ನಗಲಿಲ್ಲ. ಗುರುಗಳ ಮುಂದೆ ಮಂಡಿಯೂರಿದ.

“ಹುಡುಗನ ಲೆಕ್ಕ ಸರಿಯಾಗಿದೆ, ಬುದ್ಧೀ. ನನ್ನದು ಹತ್ತಕ್ಕೆ ಮುಗಿಯುವುದೂ ಅಲ್ಲ. ಏನು ಶಿಕ್ಷೆ ಕೊಟ್ಟರೂ ತೆಗೆದುಕೊಳ್ಳುತ್ತೇನೆ.”

ಗುರುಗಳು ಅವನ ಮುಖ ನೋಡಿದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಮಂಡಿಯ ಮೇಲೆಲ್ಲ ಬೇಲಿಬುಡದ ದೂಳು.

ಅವರು ಈರಿಯ ಕಡೆ ತಿರುಗಿದರು.

“ಮಗೂ, ನಿಮ್ಮ ಅಯ್ನೋರು ಉರಿಬಿಸಿಲಲ್ಲಿ ನಡೆದು ಬಂದಿದ್ದಾರೆ. ಒಳಗೆ ಹೋಗಿ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ತಂದುಕೊಡು. ನೀನು ಮೊದಲು ಕುಡಿ.”